ಒಂಬತ್ತು ಸೀರೆಯ ಬೋಗುಣಿ

ಬೆಳಿಗ್ಗೆ ಐದು ನಲವತ್ತಕ್ಕೆ ಬಚ್ಚಲುಮನೆಯ ಗೀಸರ್ ಕೆಟ್ಟಿತು. ಸದ್ದೇನೂ ಆಗಲಿಲ್ಲ. ಕೆಂಪು ದೀಪ ಎಂದಿನಂತೆ ಉರಿಯುತ್ತಿತ್ತು, ನಲ್ಲಿಯಲ್ಲಿ ಮಾತ್ರ ತಣ್ಣೀರು ಬರುತ್ತಿತ್ತು. ಪರಮಾನಂದ ನೀರಿನ ಕೆಳಗೆ ಬೆರಳು ಹಿಡಿದು ಎರಡು ನಿಮಿಷ ಕಾದ. ಸ್ವಿಚ್ಚು ಆರಿಸಿ ಮತ್ತೆ ಹಾಕಿ ಇನ್ನೆರಡು ನಿಮಿಷ ಕಾದ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಕಾಯಿಲ್ ಸುಟ್ಟಿದೆ ಎಂಬುದು ಅವನಿಗೆ ಮೊದಲ ನಿಮಿಷದಲ್ಲೇ ಗೊತ್ತಾಗಿತ್ತು. ಡಿಸೆಂಬರ್ ಹಿಡಿದ ಮೇಲೆ ಮನೆಯಲ್ಲಿ ಕೆಟ್ಟ ನಾಲ್ಕನೆಯ ವಸ್ತು ಇದು. ಮೊದಲು ಮಿಕ್ಸಿ, ಆಮೇಲೆ ಸ್ಕೂಟರಿನ ಬ್ಯಾಟರಿ, ಹೋದ ವಾರ ಬಚ್ಚಲ ಬಾಗಿಲಿನ ಕೆಳಗಿನ ಕೀಲು. ಚಳಿ ಬಂತೆಂದರೆ ವಸ್ತುಗಳೂ ಮುದುಕರ ಹಾಗೆ ಒಂದೊಂದೇ ಹಾಸಿಗೆ ಹಿಡಿಯುತ್ತವೆ ಎಂದು ಸುಮಂಗಲಾ ನಿನ್ನೆಯಷ್ಟೇ ಹೇಳಿದ್ದಳು. ಅವನು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳದೆ, ಬಚ್ಚಲ ಹೊರಗೋಡೆಗೆ ಅಂಗೈ ಒತ್ತಿ ನಿಂತ. ಕೆಳಗಿನ ಮನೆಯವರ ಸೋಲಾರ್ ಪೈಪು ಟೆರೇಸಿನಿಂದ ಈ ಗೋಡೆಯ ಒಳಗಿಂದಲೇ ಇಳಿದು ಹೋಗುತ್ತದೆ. ಅವರು ಸ್ನಾನಕ್ಕೆ ನೀರು ಬಿಟ್ಟಾಗ ಗೋಡೆಯ ಅರ್ಧ ಅಡಿ ಅಗಲ ಬೆಚ್ಚಗಾಗುತ್ತದೆ. ಈಗ ಬೆಚ್ಚಗಿತ್ತು. ಮನೆ ಮಾಲೀಕ ಹನುಮಂತರಾಯಪ್ಪ ಸ್ನಾನ ಮಾಡುತ್ತಿದ್ದಾನೆ ಎಂದು ಗೋಡೆ ತಿಳಿಸುತ್ತಿತ್ತು.

ಅವನು ಹೊರಗೆ ಬಂದ. ಏನೂ ಹೇಳಬೇಕಾಗಿರಲಿಲ್ಲ. ಸುಮಂಗಲಾ ಅವನ ಮುಖ ನೋಡಿದಳು, ಸ್ಟೂಲ್ ಎಳೆದು ಹತ್ತಿದಳು, ಅಡುಗೆಮನೆಯ ಅಟ್ಟದಿಂದ ಸ್ಟೀಲ್ ಬೋಗುಣಿಯನ್ನು ಇಳಿಸಿದಳು. ಗೀಸರ್ ಕೆಡುವುದಕ್ಕೆ ಅವನು ಹೆದರುತ್ತಿದ್ದುದು ಇದಕ್ಕಾಗಿಯೇ. ಬಕೆಟಿಗೆ ಹಾಕುವ ಕಾಯಿಲನ್ನು ಬಳಸಬಾರದು, ವೈರಿಂಗ್ ಹಳೆಯದು ಎಂದು ಮಾಲೀಕ ಬಾಡಿಗೆಗೆ ಕೊಡುವಾಗಲೇ ಹೇಳಿದ್ದ. ಹಾಗಾಗಿ ಗೀಸರ್ ಕೆಟ್ಟಾಗಲೆಲ್ಲ ಬೋಗುಣಿ ಇಳಿಯಬೇಕು, ಗ್ಯಾಸಿನ ಮೇಲೆ ಕೂರಬೇಕು, ಅದರ ಮುಚ್ಚಳ ಸದ್ದು ಮಾಡಬೇಕು. ಮುಚ್ಚಳ ಬೋಗುಣಿಯ ಬಾಯಿಗಿಂತ ಎರಡು ಮಿಲಿಮೀಟರ್ ದೊಡ್ಡದು. ಈ ಮನೆಗೆ ಬಂದ ಮೊದಲ ಭಾನುವಾರವೇ ಅವನು ವರ್ನಿಯರ್ ಹಿಡಿದು ಅಳೆದಿದ್ದ. ನೀರು ಕುದಿಯಲು ಶುರುವಾದೊಡನೆ ಅದು ಕುಣಿಯುತ್ತದೆ, ಸಣ್ಣಗೆ, ಬಿಡದೆ, ಹಲ್ಲು ಕಡಿಯುವವರ ಹಾಗೆ. ಹೊರಗಿನ ಕೋಣೆಯ ಮಂಚದ ಮೇಲೆ ಅವನ ತಾಯಿ ಮಲಕವ್ವ ಎದ್ದು ಕುಳಿತಿದ್ದಳು. ಎಪ್ಪತ್ತೆಂಟು ವರ್ಷ. ಐದು ವರ್ಷಗಳಿಂದ ಕಣ್ಣಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಬೇರೇನೂ ಕಾಣಿಸದು. ಹೋದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಈ ಸಲ ಮೈ ಬೆಚ್ಚಗಿಡಿ, ಬಿಸಿ ನೀರಲ್ಲದೆ ಹಾಕಬೇಡಿ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಬೆಳಗಾಗುವ ಮುಂಚೆ ಮೈಮೇಲೆ ನೀರು ಬೀಳದೆ ಅವಳು ಬಾಯಿಗೆ ಏನೂ ಹಾಕುವವಳಲ್ಲ.

ಸುಮಂಗಲಾ ಗ್ಯಾಸ್ ಹಚ್ಚಿ, ಅವನ ಕಡೆ ತಿರುಗದೆ, ತಗ್ಗಿದ ದನಿಯಲ್ಲಿ ಅಂದಳು: "ಹೇಳಿಬಿಡ್ರಿ ಒಮ್ಮೆ. ಹೇಳಿದ್ರ ಹಗುರಾಕ್ಕೈತಿ." ಮೂರು ವರ್ಷಗಳಲ್ಲಿ ಅವಳು ಈ ಮಾತನ್ನು ಎಷ್ಟು ಸಲ ಹೇಳಿದ್ದಾಳೆ ಎಂದು ಅವನು ಲೆಕ್ಕ ಇಟ್ಟಿರಲಿಲ್ಲ. ಪ್ರತಿ ಸಲವೂ ಬೋಗುಣಿ ಒಲೆಯ ಮೇಲಿದ್ದಾಗಲೇ ಹೇಳುತ್ತಿದ್ದಳು. ದಾಸರಹಳ್ಳಿಯ ಮನೆ ಬಿಟ್ಟ ದಿನ ಅವಳು ಮೊದಲ ಟೆಂಪೋದಲ್ಲಿ ಸಾಮಾನಿನ ಜೊತೆ ಮುಂದೆ ಹೋಗಿದ್ದಳು. ಎರಡನೆಯ ಸರದಿಗೆ ಅವನು ಕಾಯುತ್ತಿದ್ದ. ಬೆಳಗಿನ ಹನ್ನೊಂದು ಗಂಟೆ. ಮಂಚ ಬಿಚ್ಚಿದ್ದರಿಂದ ಅವ್ವ ಗೋಡೆಗೆ ಒರಗಿಸಿದ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಮಲಗಿದ್ದಳು. ವಾಪಸು ಬಂದ ಟೆಂಪೋದವನು ಇನ್ನು ಜಾಗವಿಲ್ಲ, ಇದೆಲ್ಲ ಬೇಕಾ ಸಾರ್ ಎಂದು ಮೂಲೆಯ ಗಂಟುಗಳನ್ನು ಕಾಲಿನಿಂದ ತಳ್ಳಿ ತೋರಿಸಿದ. ಅದೇ ಹೊತ್ತಿಗೆ ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಕೂಗುತ್ತ ಬಂದಳು. ಹಳದಿ ಬಟ್ಟೆಯಲ್ಲಿ ಕಟ್ಟಿದ್ದ ಗಂಟನ್ನು ಅವನೇ ಮೆಟ್ಟಿಲಿನ ಮೇಲೆ ಬಿಚ್ಚಿದ. ಒಂಬತ್ತು ಇಳಕಲ್ ಸೀರೆಗಳು, ಅವನ ಅಕ್ಕ ಶರಣಮ್ಮನವು. ಅವಳು ತೀರಿ ಆಗ ಐದು ವರ್ಷ. ಹೊಸ ಮನೆಯಲ್ಲಿ ನೀರು ಕಾಯಿಸಲು ದೊಡ್ಡ ಪಾತ್ರೆ ಬೇಕು ಎಂದು ಸುಮಂಗಲಾ ಅಂದಿದ್ದುದು ಆ ಕ್ಷಣಕ್ಕೆ ನೆನಪಾಗಿತ್ತು, ಅಷ್ಟೇ. ಆಮೇಲೆ ಅವನನ್ನು ಬಿಡದೆ ಕಾಡಿದ್ದು ಕೊಟ್ಟದ್ದಲ್ಲ. ಅವನು ಚೌಕಾಸಿ ಮಾಡಿದ್ದ. ಇವು ಇಳಕಲ್ಲಿನವು, ರೇಷ್ಮೆ ಸೆರಗು, ಇನ್ನೂ ದೊಡ್ಡದು ಕೊಡಿ ಎಂದಿದ್ದ. ಆ ಹೆಂಗಸು ಒಂದು ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲದರಲ್ಲೂ ನೇಯ್ಗೆ ತಪ್ಪಿದೆಯಲ್ಲಣ್ಣ ಎಂದಳು. ನಿಜ. ಒಂಬತ್ತೂ ತಪ್ಪು ಬಿದ್ದ ಸೀರೆಗಳೇ. ಮಾರಲು ಬಾರದ್ದನ್ನು ಮಗ್ಗದ ಯಜಮಾನ ದೀಪಾವಳಿಗೆ, ಅವುಗಳಿಗೆ ಸೆರಗು ಸೇರಿಸುವ ಕೊಂಡಿ ಕಟ್ಟಿದ್ದ ಶರಣಮ್ಮನಂಥ ಹೆಂಗಸರಿಗೇ ಹಂಚುತ್ತಿದ್ದ. ಹಾಗಾದರೆ ಮುಚ್ಚಳವನ್ನಾದರೂ ಸೇರಿಸಿ ಕೊಡಿ ಎಂದು ಪರಮಾನಂದ ಕೇಳಿದ. ಅವಳು ಬುಟ್ಟಿಯಲ್ಲಿ ಕೈಗೆ ಸಿಕ್ಕಿದ ಮುಚ್ಚಳವನ್ನು ಬೋಗುಣಿಯ ಮೇಲಿಟ್ಟು ಕೊಟ್ಟಳು.

ಅಂದು ಸಂಜೆ ಹೊಸ ಮನೆಯಲ್ಲಿ, ಶರಣವ್ವನ ಗಂಟು ಬಂತೇನೋ ಎಂದು ಅವ್ವ ಕೇಳಿದ್ದಳು. ಬಂತು ಯವ್ವಾ, ಅಟ್ಟದ ಮೇಲಿಟ್ಟೀನಿ ಎಂದು ಅವನು ಹೇಳಿದ. ಅಟ್ಟದ ಮೇಲೆ ಬೋಗುಣಿ ಇತ್ತು.

ಎಂಟು ಗಂಟೆಗೆ ಅವನು ಇಳಿದು ಹೋಗುವಾಗ ಹನುಮಂತರಾಯಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕಾಯುತ್ತಿದ್ದ. ಕೆರೆಯ ಕಡೆಯಿಂದ ಎದ್ದ ಮಂಜು ಇನ್ನೂ ರೈಲ್ವೆ ಹಳಿಯ ಮೇಲೆ ಹಾಸಿಕೊಂಡಿತ್ತು. ಈ ಸಾಲಿನ ಮೂರು ಕಟ್ಟಡಗಳೂ ಮಾಲೀಕನ ರಾಗಿ ಹೊಲದ ಮೇಲೆ ಎದ್ದವು. ಹೊಲ ಹೋದರೂ ಅವನಿಗೆ ಬೆಳಗಾಗುವ ಮುಂಚೆ ಎದ್ದು, ಆಳು ಬರುವುದನ್ನು ಕಾಯುವವನಂತೆ ಅಂಗಳದಲ್ಲಿ ಕೂರುವ ರೂಢಿ ಹೋಗಿರಲಿಲ್ಲ. ಪರಮಾನಂದ ಗೀಸರಿನ ಸಂಗತಿ ಹೇಳಿದ. ಮಾಲೀಕ ತಲೆಯ ಮಫ್ಲರನ್ನು ಕಿವಿಯಿಂದ ಸರಿಸಿ ಕೇಳಿಸಿಕೊಂಡು, "ಏನ್ ಸಾರ್, ನಿಮ್ ಮನೇಲೇ ಯಾಕೆ ಇಂಗೆ ದಿನಕ್ಕೊಂದು ಕೆಡ್ತದೆ? ಗೀಸರ್ ನಿಮ್ದು, ನೀವೇ ಮಾಡುಸ್ಕಬೇಕು. ಅಗ್ರಿಮೆಂಟ್ನಾಗೆ ಐತೆ ನೋಡ್ಕಳಿ" ಎಂದ. ಅಗ್ರಿಮೆಂಟಿನಲ್ಲಿ ಹಾಗೆ ಇದ್ದದ್ದು ನಿಜವೇ. ಪರಮಾನಂದ ಅದನ್ನು ಎರಡು ಸಲ ಓದಿ ಸಹಿ ಮಾಡಿದ್ದ. ಸ್ಕೂಟರನ್ನು ಹನ್ನೊಂದು ಸಲ ಒದ್ದ ಮೇಲೆ ಅದು ಕೆಮ್ಮಿ ಎದ್ದಿತು. ಆ ಹನ್ನೊಂದನ್ನೂ ನೋಡುತ್ತ ಕುಳಿತಿದ್ದ ಮಾಲೀಕ, ಹೊರಡುವ ಗಳಿಗೆಗೆ ಇನ್ನೊಂದು ಮಾತು ಸೇರಿಸಿದ. "ಮೊನ್ನೆ ಬಾಡಿಗೆ ಕೇಳಕ್ಕೆ ಮ್ಯಾಲೆ ಬಂದಿದ್ದೆ ಸಾರ್. ನೀವು ಕಾಲು ನೀಡ್ಕಂಡು ದುಪ್ಪಟಿ ಹೊಲೀತಾ ಕೂತಿದ್ರಿ. ಕಿಟಕಿಯಾಗೆ ಕಾಣುಸ್ತು, ಹಂಗೇ ವಾಪಸ್ ಬಂದ್ಬಿಟ್ಟೆ." ಮಾಲೀಕ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅವನ ದನಿಯಲ್ಲಿದ್ದುದು ಬೇರೆಯವರ ಬಚ್ಚಲಿಗೆ ತಿಳಿಯದೆ ನುಗ್ಗಿದವನ ಸಂಕೋಚ.

ಗೀಸರ್ ರಿಪೇರಿಯವನಿಗೆ ಹೆಸರಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಫೋನ್ ಮಾಡಿದ. ಚಳಿಗಾಲ ಸಾರ್, ದಿನಕ್ಕೆ ಇಪ್ಪತ್ತು ಮನೆ, ಗುರುವಾರಕ್ಕೆ ಮುಂಚೆ ಆಗಲ್ಲ ಎಂದು ಅವನು ಹೇಳಿದ. ಇವತ್ತು ಮಂಗಳವಾರ. ಎರಡು ದಿನ ಬೋಗುಣಿ. ಕೈಗವಸಿಲ್ಲದ ಬೆರಳುಗಳು ಬ್ರೇಕಿನ ಮೇಲೆ ಮರಗಟ್ಟಿದ್ದವು. ಈ ಬೆರಳುಗಳೇ ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವಾಗ ಬೇರೆಯವೇ ಆಗಿಬಿಡುತ್ತವೆ. ದೀಪಾವಳಿಯ ಮಾರನೆಯ ದಿನ ಅವ್ವ, ಶರಣವ್ವನ ಗಂಟು ತೆಗೆದು ನನಗೊಂದು ಕೌದಿ ಹೊಲಿ ಎಂದಳು. ಅಂಗಡಿಯಿಂದ ತಂದ ರಗ್ಗನ್ನು ಅವಳು ಕಾಲಿನಿಂದ ಒದ್ದು ಕೆಳಗೆ ಹಾಕುತ್ತಿದ್ದಳು. ಅದು ಮೈಗೆ ಹತ್ತುವುದಿಲ್ಲ, ಯಾರ ಮೈಯೂ ಕಾಣದ ಬಟ್ಟೆ ಎನ್ನುತ್ತಿದ್ದಳು. ಸುಮಂಗಲಾಳಿಗೆ ಸೂಜಿ ಹಿಡಿದರೆ ತಲೆನೋವು. ಅವನಿಗೆ ಹೊಲಿಗೆ ಬರುತ್ತಿತ್ತು. ಎಂಟು ವರ್ಷದವನಿದ್ದಾಗ ಶರಣಕ್ಕ ಕಲಿಸಿದ್ದಳು, ಜ್ವರದಲ್ಲಿ ಶಾಲೆ ತಪ್ಪಿದ ಹದಿನೈದು ದಿನ. ಆಮೇಲೆ ಹುಡುಗರು ಓಣಿಯಲ್ಲಿ ಪರಮವ್ವಾ ಎಂದು ಕರೆದಿದ್ದರಿಂದ ಬಿಟ್ಟಿದ್ದ. ನಲವತ್ತೆರಡು ವರ್ಷದ ನಂತರ ಸೂಜಿಗೆ ದಾರ ಪೋಣಿಸಿದ ಸಂಜೆ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೋಗುವ ಆ ಗೆರೆ ಕೈಯಲ್ಲೇ ಉಳಿದಿತ್ತೆಂದು ಕಂಡು ಅವನಿಗೆ ಗಾಬರಿಯಾಯಿತು. ಹೊಲಿಗೆಯಿಂದ ಹೊಲಿಗೆಗೆ ನಾಲ್ಕು ಮಿಲಿಮೀಟರ್. ಸಾಲಿನಿಂದ ಸಾಲಿಗೆ ಒಂದು ಹೆಬ್ಬೆರಳಿನ ಅಗಲ. ಸೂಜಿ ಮೂರು ಪದರ ದಾಟಿ ಕೆಳಗಿನ ಬೆರಳಿಗೆ ತಾಗುವ ಚುರುಕು, ದಾರ ಎಳೆದಾಗ ಬಟ್ಟೆ ಸಣ್ಣಗೆ ಉಸಿರೆಳೆದುಕೊಂಡಂತೆ ಸುಕ್ಕಾಗುವುದು. ಆ ಒಂದೂವರೆ ಗಂಟೆ ಮನೆಯಲ್ಲಿ ಕೆಟ್ಟದ್ದು ಯಾವುದೂ ಅವನ ತಲೆಯಲ್ಲಿ ಇರುತ್ತಿರಲಿಲ್ಲ. ಇಷ್ಟು ಸುಖ ಒಂದು ಸುಳ್ಳನ್ನು ಹೊಲಿಯುವಾಗ ಹೇಗೆ ಸಿಗುತ್ತದೆ ಎಂದು ಅವನು ದಾರ ಕಡಿಯುವಾಗ ಮಾತ್ರ ಯೋಚಿಸುತ್ತಿದ್ದ.

ಬಟ್ಟೆ ಬರುತ್ತಿದ್ದುದು ಕಾರ್ಖಾನೆಯಿಂದ. ಪೀಣ್ಯದ ಎರಡನೇ ಹಂತದಲ್ಲಿ ಪಂಪಿನ ಶಾಫ್ಟ್ ಮಾಡುವ ಕಂಪನಿಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್. ಎಣ್ಣೆ ಒರೆಸಲು ಅಲ್ಲಿಗೆ ಮೂಟೆಗಟ್ಟಲೆ ಚಿಂದಿ ಬರುತ್ತದೆ. ಅದಕ್ಕೆ ಎಲ್ಲರೂ ಬನಿಯನ್ ವೇಸ್ಟ್ ಎನ್ನುತ್ತಾರೆ, ಬನಿಯನ್ನಿಗಿಂತ ಹಳೆಯ ಸೀರೆ, ಲಂಗ, ಮಕ್ಕಳ ಅಂಗಿಗಳೇ ಜಾಸ್ತಿ. ಬೀದಿಯಲ್ಲಿ ಪಾತ್ರೆಗೆ ಕೊಟ್ಟ ಬಟ್ಟೆಗಳಲ್ಲಿ ಉಡಲು ಬಾರದವು ಕೊನೆಗೆ ಅಂಗೈಯಗಲ, ಗೇಣಗಲ ತುಂಡುಗಳಾಗಿ ಇಂಥ ಮೂಟೆಗಳನ್ನು ಸೇರುತ್ತವೆ ಎಂದು ಅವನಿಗೆ ತಿಳಿದದ್ದು ಬೋಗುಣಿ ಬಂದ ಎರಡು ತಿಂಗಳ ಮೇಲೆ. ಚಿಂದಿಯಲ್ಲಿ ಗುಂಡಿಯೋ ಹುಕ್ಕೋ ಉಳಿದಿದ್ದರೆ ಪಾಲಿಶ್ ಆದ ಶಾಫ್ಟಿಗೆ ಗೀರು ಬೀಳುತ್ತದೆ, ಆದ್ದರಿಂದ ಪ್ರತಿ ಮೂಟೆಯನ್ನೂ ನಾನೇ ನೋಡುತ್ತೇನೆ ಎಂದು ಅವನು ಮ್ಯಾನೇಜರಿಗೆ ಹೇಳಿದ. ಕಾರಣ ಸರಿಯಾಗಿಯೇ ಇತ್ತು. ಅಂದಿನಿಂದ ಮೂಟೆ ಬಿಚ್ಚಿದಾಗಲೆಲ್ಲ ಅವನು ಕೈ ಹಾಕಿ ಹುಡುಕುತ್ತಾನೆ. ಈ ಊರಿನಲ್ಲಿ ಒಂಬತ್ತು ಸೀರೆಗಳ ಒಂದು ತುಂಡು ಅವನ ಕೈಗೆ ಮರಳಿ ಬರುವ ಸಂಭವ ಎಷ್ಟು ಎಂದು ಹೇಳಬೇಕಾದವನೇ ಅವನು. ಸೊನ್ನೆ ಎಂದು ಅವನೇ ಬರೆದುಕೊಡುತ್ತಿದ್ದ. ಆದರೂ ಹುಡುಕುತ್ತಾನೆ.

ನವೆಂಬರಿನಿಂದ ಅವನು ಒಳ್ಳೆಯ ತುಂಡುಗಳನ್ನು ಊಟದ ಡಬ್ಬಿಯ ಚೀಲದ ತಳದಲ್ಲಿ ಹಾಕಿಕೊಂಡು ಹೋಗಿ, ಬಿಸಿ ನೀರಿನಲ್ಲಿ ಎರಡು ಸಲ ಒಗೆದು, ಕೌದಿಗೆ ಸೇರಿಸುತ್ತಿದ್ದ. ಅವ್ವ ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಬೆರಳಿನಿಂದ ತಿಕ್ಕಿ, ಇದು ಯಾರದ್ದು ಎಂದು ಕೇಳುತ್ತಿದ್ದಳು. ಮೊದಲ ದಿನ ಅವನು ಸೂಜಿಗೆ ದಾರ ಪೋಣಿಸುವ ನೆಪ ಮಾಡಿದ್ದ. ಆಮೇಲೆ ಮಾತು ತಾನಾಗಿ ಬಂತು. ಇದು ಶರಣಕ್ಕ ಬಾದಾಮಿ ಜಾತ್ರೆಗೆ ಉಟ್ಟದ್ದು, ಇದು ನಿನ್ನ ಕುಪ್ಪಸ, ನಾನು ಐಟಿಐಗೆ ಸೇರಿದ ವರ್ಷ ಹೊಲಿಸಿದ್ದು, ಇದು ಶರಣಕ್ಕನ ಹಸಿರು ಸೀರೆ, ಬಲಗಡೆ ದಡಿಯಲ್ಲಿ ಎರಡು ಎಳೆ ತಪ್ಪಿತ್ತಲ್ಲ, ಅದು. ಸುಳ್ಳಿಗೂ ಅವನು ಅಳತೆ ಕೊಡುತ್ತಿದ್ದ. ಅವ್ವ ಹೂಂ ಎನ್ನುತ್ತಿದ್ದಳು. ತಲೆಯ ಕಡೆ ಮಧ್ಯದಲ್ಲಿ ಒಂದು ಗೇಣಿನಷ್ಟು ಜಾಗ ಬಿಡು ಎಂದೂ ಹೇಳಿದ್ದಳು. ಅಲ್ಲಿಗೆ ಶರಣವ್ವನ ಸೆರಗಿನ ತುಂಡು ಬೇಕು, ಕೊಂಡಿ ಇರುವ ಕಡೆಯದು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಉದ್ದ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಸೇರಿಸುವುದೇ ಕೊಂಡಿ. ಸಾವಿರಾರು ಕುಣಿಕೆ, ಎಲ್ಲ ಕೈಕೆಲಸ. ನೇಯ್ದಾದ ಮೇಲೂ ಆ ಸಾಲು ಕಣ್ಣಿಗಿಂತ ಹೆಚ್ಚಾಗಿ ಬೆರಳಿಗೆ ತಿಳಿಯುತ್ತದೆ. ಅವ್ವ ಮತ್ತು ಶರಣಕ್ಕ ಮೂವತ್ತು ವರ್ಷ ಅದೇ ಮಾಡಿದರು. ಅವನು ಐಟಿಐ ಓದಿದ್ದು ಆ ಕೂಲಿಯಿಂದ. ಸಂಜೆಯ ಬೆಳಕಿಗೆ ಶರಣಕ್ಕ ಹೊಸ್ತಿಲಲ್ಲಿ ಕುಳಿತು, ಎಳೆಗಳನ್ನು ಕಾಲ ಹೆಬ್ಬೆರಳಿಗೆ ಬಿಗಿದುಕೊಂಡು, ತಲೆ ಎತ್ತದೆ, ಪರಮ್ಯಾ, ಗಣಿತ ಮುಗೀತೇನು ಎಂದು ಕೇಳುತ್ತಿದ್ದಳು. ಸೆರಗಿನ ತುಂಡು ಎಲ್ಲಿ ಎಂದು ಅವ್ವ ಮೂರು ವಾರದಿಂದ ಕೇಳುತ್ತಿದ್ದಾಳೆ. ಗಂಟಿನ ತಳದಲ್ಲಿದೆ, ಭಾನುವಾರ ತೆಗೆಯುತ್ತೇನೆ ಎಂದು ಅವನು ಮೂರು ಭಾನುವಾರ ದಾಟಿಸಿದ್ದ. ಕೌದಿ ಉಳಿದೆಲ್ಲ ಕಡೆ ಮುಗಿದಿತ್ತು. ಆ ಗೇಣು ಜಾಗ ತುಂಬದೆ ಅದನ್ನು ಹೊದೆಯುವುದಿಲ್ಲ ಎಂದು ಅವಳು ಕೂತಿದ್ದಳು.

ಮಧ್ಯಾಹ್ನ ಮೂರಕ್ಕೆ ಸ್ಟೋರಿನಲ್ಲಿ ಹೊಸ ಮೂಟೆ ಬಿಚ್ಚಿದರು. ಅರ್ಧ ಗಂಟೆ ಕೈಗೆ ಸಿಕ್ಕಿದ್ದೆಲ್ಲ ನೈಲಾನ್. ಆಮೇಲೆ ಒಂದು ಮಗುವಿನ ಅಂಗಿಯ ತೋಳಿನೊಳಗೆ ಸಿಕ್ಕಿಕೊಂಡಿದ್ದ ಕೆಂಪು ಬಟ್ಟೆಯ ತುದಿ ಕಂಡಿತು. ಎಳೆದ. ಕೆಂಪು ಸೆರಗು, ಅದರಲ್ಲಿ ಗೋಪುರದಂತೆ ನೇಯ್ದ ಬಿಳಿಯ ಹಲ್ಲುಗಳು, ಅದರ ಕೆಳಗೆ ಕಪ್ಪು ಮೈ ನಾಲ್ಕು ಬೆರಳು. ನಡುವೆ ಕೊಂಡಿ. ಅವನು ಅದನ್ನು ಇನ್ಸ್‌ಪೆಕ್ಷನ್ ಮೇಜಿನ ದೀಪದ ಕೆಳಗೆ ಹಾಸಿದ. ಉದ್ದ ಇನ್ನೂರ ಮೂವತ್ತು ಮಿಲಿಮೀಟರ್, ಅಗಲ ನೂರ ತೊಂಬತ್ತು. ಭೂತಗನ್ನಡಿ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಎಳೆ ಎಂದು ಎಣಿಸಿದ. ಕೆಂಪಿನ ಬಣ್ಣವನ್ನು ಕಿಟಕಿಯ ಬೆಳಕಿಗೂ ಹಿಡಿದು ನೋಡಿದ. ಶರಣಕ್ಕನ ಒಂಬತ್ತರಲ್ಲಿ ಎರಡು ಕಪ್ಪು ಮೈಯವು, ಕೆಂಪು ಸೆರಗಿನವು. ಇದು ಅವುಗಳಲ್ಲಿ ಒಂದಲ್ಲ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಹೌದು ಎನ್ನಲೂ ಕಾರಣವಿರಲಿಲ್ಲ. ಅವನ ಕೆಲಸದಲ್ಲಿ ಮೂರು ಡಬ್ಬಿಗಳಿರುತ್ತವೆ, ಪಾಸಾದದ್ದಕ್ಕೆ ಹಸಿರು, ಬಿದ್ದದ್ದಕ್ಕೆ ಕೆಂಪು, ತೀರ್ಮಾನವಾಗದ್ದಕ್ಕೆ ಹಳದಿ. ಹಳದಿಯಲ್ಲಿ ಏನನ್ನೂ ಒಂದು ದಿನಕ್ಕಿಂತ ಹೆಚ್ಚು ಉಳಿಸಿದವನಲ್ಲ ಅವನು. ಕಣ್ಣು ಉರಿಯಿತು. ಯಂತ್ರ ತಣಿಸುವ ಕೂಲೆಂಟಿನ ವಾಸನೆ ಇರಬೇಕು ಎಂದುಕೊಂಡ.

ಐದೂ ಕಾಲಿಗೆ ಗೇಟಿನಲ್ಲಿ ಹೊಸ ಸೆಕ್ಯುರಿಟಿ ಎಲ್ಲರ ಚೀಲ ನೋಡುತ್ತಿದ್ದ. ಹೋದ ವಾರ ತಾಮ್ರದ ತಂತಿ ಕಳುವಾಗಿತ್ತಂತೆ. ಬ್ಯಾಗ್ ತೋರ್ಸಿ ಸಾರ್ ಎಂದ. ಊಟದ ಡಬ್ಬಿ ತೆಗೆದ, ಮಡಚಿಟ್ಟ ಕೆಂಪು ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿದ. "ಇದು ಕಂಪ್ನಿದಾ ಸಾರ್?" ಪರಮಾನಂದ ಯೋಚಿಸಿದ. ತೂಕದ ಲೆಕ್ಕದಲ್ಲಿ ಕೊಂಡದ್ದು, ಸ್ಟೋರಿನಲ್ಲಿ ನಮೂದಾದದ್ದು. ಹೌದು ಎಂದ. ಹಿಂದೆ ಸಾಲು ನಿಂತಿತ್ತು, ಅವನು ಕೆಂಪು ಬಣ್ಣ ಬಳಿದು ವಾಪಸು ಕಳಿಸಿದ ಶಾಫ್ಟುಗಳನ್ನು ಮತ್ತೆ ಲೇತಿಗೆ ಹಾಕಿ ಕಡೆಯಬೇಕಾದ ಹುಡುಗರ ಸಾಲು. ಸೆಕ್ಯುರಿಟಿ ಸ್ಟೋರ್ ನೋಡಿಕೊಳ್ಳುವ ಭರಮಪ್ಪನನ್ನು ಕರೆಸಿದ. ಭರಮಪ್ಪ ಗದಗದ ಕಡೆಯವನು, ಪರಮಾನಂದನ ಜೊತೆಗೇ ಕೆಲಸಕ್ಕೆ ಸೇರಿದವನು. ಬಟ್ಟೆಯನ್ನು ನೋಡಿ, ಪರಮಾನಂದನನ್ನು ನೋಡಿ, ಸಾಲಿಗೆ ಕೇಳುವ ಹಾಗೆ ಅಂದ: "ಶಾಫ್ಟ್ ಒಯ್ದಿದ್ರ ತಿಳೀತಿತ್ತು ಬಿಡ್ರಿ. ಕೈ ಒರಸೂ ಅರಬಿ ಒಯ್ತೀರಲ್ರೀ, ಮನ್ಯಾಗ ಏನು ಲೇತ್ ಹಾಕೀರೇನು?" ಸಾಲು ನಕ್ಕಿತು. ಭರಮಪ್ಪ ಕೆಟ್ಟವನಲ್ಲ. ನಗಿಸಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ಹಾಗೆ ಮಾಡಿದ. ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿ ಒಯ್ಯಿರಿ ಎಂದ. ಪರಮಾನಂದ ಬರೆದ: ಬನಿಯನ್ ವೇಸ್ಟ್, ತುಂಡು, ಒಂದು. ಕಾರಣ ಎಂಬ ಕಾಲಮ್ಮಿನ ಮೇಲೆ ಪೆನ್ನು ನಿಂತಿತು. ಸ್ವಂತ ಬಳಕೆ ಎಂದು ಬರೆದ. ಇಪ್ಪತ್ತೆರಡು ವರ್ಷ ಅವನ ಸಹಿಯಿಲ್ಲದೆ ಈ ಗೇಟಿನಿಂದ ಒಂದು ಶಾಫ್ಟ್ ಹೊರಗೆ ಹೋಗಿರಲಿಲ್ಲ.

ಮನೆ ತಲುಪಿದಾಗ ಆರೂ ಮುಕ್ಕಾಲು. ಸುಮಂಗಲಾ ರೊಟ್ಟಿ ಬಡಿಯುತ್ತಿದ್ದಳು. ಅವನು ಬಟ್ಟೆಯನ್ನು ಸೋಪಿನ ನೀರಿನಲ್ಲಿ ಒಗೆದ, ಹಿಂಡಿದ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿದ. ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿ ಹರಿದಾಗ ಎದ್ದ ಹಬೆಯಲ್ಲಿ ಎಣ್ಣೆಯದಲ್ಲದ ಒಂದು ವಾಸನೆ ಬಂತು. ಅದನ್ನು ಅವನು ಶರಣಕ್ಕನದೆಂದು ತೀರ್ಮಾನಿಸಿದ. ಸುಮಂಗಲಾ ಬಂದು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಬಡಿಯುವ ಸದ್ದು ನಿಂತಿತ್ತು. ಅವನು ಕೌದಿಯನ್ನು ಅವ್ವನ ಮಂಚದ ಮೇಲೆ ಹರಡಿ, ಖಾಲಿ ಜಾಗದ ಮೇಲೆ ತುಂಡನ್ನಿಟ್ಟ. ಸರಿಯಾಗಿ ಕೂತಿತು. ನಾಲ್ಕೂ ಕಡೆ ಮಡಿಕೆಗೆ ಎಂಟು ಮಿಲಿಮೀಟರ್ ಉಳಿಯುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವನ ಎದೆಯಲ್ಲಿ ಏನೋ ಒಂದು ತನ್ನ ಜಾಗದಲ್ಲಿ ಕೂತ ಹಾಗೆ ಆಯಿತು.

"ಯವ್ವಾ, ಸಿಕ್ತು. ಶರಣಕ್ಕನ ಸೆರಗು."

ಮಲಕವ್ವ ಕೈ ಚಾಚಿದಳು. ಅವನು ಅವಳ ಬೆರಳುಗಳನ್ನು ಕೊಂಡಿಯ ಸಾಲಿನ ಮೇಲಿಟ್ಟ. ಹೆಬ್ಬೆರಳು ಎಡದಿಂದ ಬಲಕ್ಕೆ ನಿಧಾನ ಹೋಯಿತು, ಹೋದ ದಾರಿಯಲ್ಲೇ ಮರಳಿತು. ಇನ್ನೊಮ್ಮೆ ಹೋಯಿತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಣ್ಣು ಹೋದ ಮೇಲೆ ಅವಳ ಮುಖ ಯಾರಿಗೂ ಏನನ್ನೂ ತೋರಿಸುವ ರೂಢಿಯನ್ನು ಬಿಟ್ಟಿತ್ತು. ಅವನು ಅವಳ ಉಗುರನ್ನೇ ನೋಡುತ್ತಿದ್ದ, ಅಳತೆಯ ಡಯಲ್ ಗೇಜಿನ ಮುಳ್ಳನ್ನು ನೋಡುವ ಹಾಗೆ. ಹಳಿಯ ಮೇಲೆ ಗೂಡ್ಸ್ ರೈಲು ಹೋಗತೊಡಗಿತು. ಅದು ಪೂರ್ತಿ ದಾಟುವ ಹೊತ್ತಿಗೆ ಹೆಬ್ಬೆರಳು ಸಾಲಿನ ಕೊನೆಗೆ ಬಂದು ನಿಂತಿತ್ತು.

"ಛಲೋ ಕೈ ಐತಿ," ಅಂದಳು. "ಬಲಗೈಯಾಕಿದು. ಶರಣವ್ವ ಎಡಚಿ ಇದ್ಲಲ್ಲೋ."

ಎಳೆಯ ಸಂಖ್ಯೆ ನೋಡಿದ್ದ, ಬಣ್ಣ ನೋಡಿದ್ದ, ಉದ್ದ ಅಗಲ ನೋಡಿದ್ದ. ಕುಣಿಕೆ ಯಾವ ಕಡೆಗೆ ವಾಲಿದೆ ಎಂದು ನೋಡಿರಲಿಲ್ಲ. ಹೊಸ್ತಿಲಲ್ಲಿ ಎಡಗೈಯ ಎರಡು ಬೆರಳಿನಲ್ಲಿ ಎಳೆ ಹೊಸೆಯುತ್ತಿದ್ದ ಶರಣಕ್ಕ ಅವನಿಗೆ ಈಗ ಸ್ಪಷ್ಟವಾಗಿ ಕಂಡಳು. ಊಟಕ್ಕೆ ಬಲಗೈ, ಕೆಲಸಕ್ಕೆ ಎಡಗೈ ಎಂದು ಓಣಿಯವರು ನಗುತ್ತಿದ್ದುದು ಕೇಳಿಸಿತು. ಇಷ್ಟು ವರ್ಷ ಅವಳನ್ನು ನೆನೆಯುವಾಗಲೆಲ್ಲ ಅವನು ಅವಳಿಗೆ ಬಲಗೈಯನ್ನೇ ಕೊಟ್ಟಿದ್ದನೇ? ಗಂಟಿನೊಳಗೆ ಬೇರೆಯವರ ಸೀರೆ ಸೇರಿರಬಹುದು ಎಂಬ ಮಾತು ನಾಲಗೆಯವರೆಗೆ ಬಂತು. ಅದಕ್ಕೂ ಒಂದು ವರ್ಷ, ಒಂದು ಜಾತ್ರೆ, ಒಂದು ಹೆಸರು ಸಿದ್ಧವಾಗಿತ್ತು. ಅಷ್ಟರಲ್ಲಿ ಅವ್ವ 'ಯಾವ ಬಸ್ಸಿಗೆ ಬಂದಿ' ಎಂದು ಕೇಳುವಷ್ಟೇ ಸಾಧಾರಣವಾಗಿ ಕೇಳಿದಳು:

"ಎಷ್ಟು ಸೀರಿಗೆ ಕೊಟ್ಲೋ ಆಕಿ, ಆ ಬೋಗಾಣಿ?"

ದಾಸರಹಳ್ಳಿಯ ಮೆಟ್ಟಿಲಿನಿಂದ ಅವ್ವ ಮಲಗಿದ್ದ ಜಾಗಕ್ಕೆ ಆರು ಅಡಿ, ಹೆಚ್ಚೆಂದರೆ ಏಳು. ಅವಳಿಗೆ ನಿದ್ದೆ ಹತ್ತಿದೆ ಎಂದು ಅವನು ಯಾವ ಆಧಾರದ ಮೇಲೆ ಅಂದುಕೊಂಡಿದ್ದ? ಚೌಕಾಸಿಯನ್ನು ಕೇಳಿದ್ದಾಳೆ. ರೇಷ್ಮೆ ಸೆರಗು ಎಂದದ್ದನ್ನು, ಮುಚ್ಚಳ ಸೇರಿಸಿ ಎಂದದ್ದನ್ನು. ಕೇಳಿಯೂ ಸಂಜೆ, ಗಂಟು ಬಂತೇನೋ ಎಂದು ವಿಚಾರಿಸಿದ್ದಾಳೆ. ಕೇಳಿಯೂ ಮೂರು ಚಳಿಗಾಲ, ಗೀಸರ್ ಕೆಟ್ಟಾಗಲೆಲ್ಲ, ಆ ಬೋಗುಣಿಯ ನೀರನ್ನು ಮೈಮೇಲೆ ಹಾಕಿಸಿಕೊಂಡಿದ್ದಾಳೆ. ಕೇಳಿಯೂ ಒಂದೊಂದು ಚಿಂದಿಗೆ ಹೂಂ ಎಂದಿದ್ದಾಳೆ. ಹೇಳಿದರೆ ಹಗುರಾಗುತ್ತದೆ ಎಂದು ಸುಮಂಗಲಾ ಅಂದದ್ದು ಅವನಿಗೆ ನೆನಪಾಯಿತು. ಒಂದು ಸಲವಾದರೂ ಸರಿಯಾದ ಸಂಖ್ಯೆಯನ್ನು ಹೇಳಬೇಕು ಎನ್ನಿಸಿತು.

"ಒಂಬತ್ತಕ್ಕ," ಎಂದ.

"ಒಂಬತ್ತಕ್ಕ." ಅವಳು ಬಾಯೊಳಗೇ ಅದನ್ನು ಇನ್ನೊಮ್ಮೆ ಅಂದುಕೊಂಡಳು. ಅಂಗೈಯನ್ನು ಮಂಚದಿಂದ ಬೋಗುಣಿಯಷ್ಟು ಎತ್ತರಕ್ಕೆ ಗಾಳಿಯಲ್ಲಿ ಹಿಡಿದು, ಅದರ ಅಳತೆ ನೋಡುವವಳಂತೆ ತಡೆದು, ಮತ್ತೆ ಕೌದಿಯ ಮೇಲಿಟ್ಟಳು. "ಎರಡೋ ಮೂರೋ ಅಂತ ತಿಳಿದಿದ್ದೆ. ಒಂಬತ್ತಕ್ಕ ಸಣ್ಣದಾತು. ಮುಚ್ಚಳಾ ಸುದ್ದಾ ಕೂಡಂಗಿಲ್ಲ ಅದಕ್ಕ."

ಅವನಿಗೆ ಆಗ ತಿಳಿಯಿತು. ಉಳಿದ ಆರೋ ಏಳೋ ಸೀರೆಗಳು ಎಲ್ಲೋ ಇವೆ ಎಂದು ಅವಳು ನಂಬಿಕೊಂಡಿದ್ದಳು. ಗಂಟಿನ ತಳದಲ್ಲಿದೆ ಎಂದು ಅವನು ಪ್ರತಿ ಭಾನುವಾರ ಹೇಳಿದಾಗ ಅವಳು ಕಾದದ್ದು ಆ ಲೆಕ್ಕದ ಮೇಲೆ. ಅವನು ಕೊಟ್ಟ ಒಂದು ಸರಿಯಾದ ಸಂಖ್ಯೆ ಅದನ್ನು ಮುಗಿಸಿತ್ತು. ಮಲಕವ್ವ ಕೌದಿಯ ಮೇಲಿಂದ ಎರಡೂ ಕೈ ತೆಗೆದು, ಮಡಚಿ ಇಡು ಎಂದಳು. ಅವನು ಹೊಲಿಯದ ಆ ತುಂಡನ್ನು ಒಳಗಿಟ್ಟು ಮಡಚಿದ. ಅಂಚಿಗೆ ಅಂಚು ಸರಿಯಾಗಿ ಕೂಡುತ್ತಿತ್ತು, ಎಲ್ಲೂ ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ಇದು ತಾನು ಈವರೆಗೆ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಎಂದು ಅವನ ಕೈಗಳಿಗೆ ಗೊತ್ತಿತ್ತು. ಅವಳು ಊಟಕ್ಕೆ ಅರ್ಧ ರೊಟ್ಟಿ ತಿಂದು, ನೆಲದ ಮೇಲೆ ತಡಕಾಡಿ ಅಂಗಡಿಯ ರಗ್ಗನ್ನು ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಮಲಗಿದಳು.

ಬುಧವಾರ ಬೆಳಿಗ್ಗೆ ಐದೂವರೆಗೆ ಸುಮಂಗಲಾ ಬೋಗುಣಿಯಲ್ಲಿ ನೀರು ಕಾಯಲು ಇಟ್ಟಳು. ಮುಚ್ಚಳ ಕುಣಿಯತೊಡಗಿದಾಗ ಮಲಕವ್ವ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ನಲ್ಲಿಯ ಕೆಳಗಿನ ಬಕೆಟಿನಿಂದ ತಾನೇ ತಣ್ಣೀರು ಸುರಿದುಕೊಂಡಳು. ಬೇರೆ ಪಾತ್ರೆಯಲ್ಲಿ ಕಾಯಿಸಿ ಕೊಡುತ್ತೇನೆ ಎಂದು ಸುಮಂಗಲಾ ಬಾಗಿಲು ಬಡಿದರೂ ಒಳಗೆ ಚೊಂಬಿನಿಂದ ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ಕಾದ ನೀರು ಚೆಲ್ಲುವುದು ಬೇಡವೆಂದು ಪರಮಾನಂದ ಅದರಲ್ಲಿ ಸ್ನಾನ ಮಾಡಿ, ಎಂಟು ಗಂಟೆಗೆ ಕೆಲಸಕ್ಕೆ ಹೋದ.